ವಠಾರದ ತೋಟವೂ ಸಾಕುಮೊಲವೂ



ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಕೇಳದವರಿಲ್ಲ. ಹಟಮಾರಿಗಳನ್ನು ಕುರಿತು ಹುಟ್ಟಿದ ಈ ಮಾತು, ಹಲವು ಮನೆಗಳವರು ಕೂಡಿ ಅನುಭವಿಸುವ ತೋಟಕ್ಕೆ ಯಾರಾದರೊಬ್ಬರು ನಿಜವಾದ ಮೊಲವನ್ನೇ ತಂದು ಬಿಟ್ಟಾಗ ಚೆನ್ನಾಗಿ ಅನ್ವಯಿಸುತ್ತದೆ. ಮೊಲದವರು, 'ಇಷ್ಟು ಸಾಧುವಾದ ಪ್ರಾಣಿ, ಯಾರಿಗೇನು ಮಾಡೀತು?' ಎನ್ನುತ್ತಾರೆ. ಕೊತ್ತಂಬರಿಯ ಪಾತಿ ಮಾಡಿದವರು, 'ನಮ್ಮ ಸೊಪ್ಪು ಬೇರುಸಹಿತ ಹೋಯಿತಲ್ಲ' ಎನ್ನುತ್ತಾರೆ. ನಾಯಿ ಸಾಕಿದವರು, 'ನಮ್ಮ ನಾಯಿಯನ್ನು ಕಟ್ಟಿಹಾಕಿರೆಂದು ಹೇಳಲು ಇವರಾರು?' ಎನ್ನುತ್ತಾರೆ. ಮೂವರು ಹಿಡಿದ ಮೊಲಕ್ಕೂ ಮೂರೇ ಕಾಲು. ಈ ನಡುವೆ ನಾಲ್ಕು ಕಾಲಿನ ಮೊಲದ ಗತಿಯೇನೆಂಬುದನ್ನು ಈ ದಿನ ವಿಚಾರಮಾಡಬೇಕೆಂದು ಎಣಿಸಿದ್ದೇವೆ.

ಬೆಂಗಳೂರು ಮೈಸೂರುಗಳಲ್ಲಿ ಮನೆಗೊಂದು ಹಿತ್ತಿಲು ಇದ್ದ ಕಾಲವು ಬಹುಮಟ್ಟಿಗೆ ಕಳೆದುಹೋಯಿತು. ಹತ್ತಿಪ್ಪತ್ತು ಮನೆಗಳಿಗೆ ಒಂದೇ ಆವರಣ, ಒಂದೇ ಹುಲ್ಲುಹಾಸು, ಒಬ್ಬನೇ ಮಾಲಿ. ಮಕ್ಕಳಿಗಾದರೋ ಮೊಲದ ಮೇಲೆ ಆಸೆ. ಪೇಟೆಯಿಂದ ತಂದ ಬಿಳಿಯ ಮರಿಯನ್ನು ಎಷ್ಟು ದಿನ ತಾನೆ ಪಂಜರದಲ್ಲಿಟ್ಟು ನೋಡುವುದು? ಓಡುವುದಕ್ಕೂ ನೆಗೆಯುವುದಕ್ಕೂ ಎಡೆಯಿಲ್ಲದ ಮೊಲದ ಮೂಳೆಗಳೂ ಸ್ನಾಯುಗಳೂ ಶಕ್ತಿಗುಂದುತ್ತವೆ. ಆದುದರಿಂದ ಅದನ್ನು ಹೊರಗೆ ಬಿಡಬೇಕೆಂಬುದು ಬರಿಯ ಮುದ್ದಿನ ಮಾತಲ್ಲ.

ಮೊದಲು ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕು. ಕನ್ನಡದಲ್ಲಿ ಮೊಲವೆಂಬ ಒಂದೇ ಶಬ್ದವು ಎರಡು ಬೇರೆಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಹೊಲದ ಬದುಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಇರುವ ಕಾಡುಮೊಲವೊಂದು. ಹಿಂದಿನವರು ಚಂದ್ರನಲ್ಲಿ ಕಂಡ ಶಶವೂ ಈ ಜಾತಿಯದೇ. ಇದು ಬಿಲ ತೋಡುವುದಿಲ್ಲ; ಇದರ ಮರಿಯು ಮೈತುಂಬ ಕೂದಲಿಟ್ಟುಕೊಂಡು, ಕಣ್ಣು ತೆರೆದೇ ಹುಟ್ಟುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದಕ್ಕುಂಟಾದುದರಿಂದ ಇದನ್ನು ಹಿಡಿದು ಸಾಕುವಂತಿಲ್ಲ. ಪೇಟೆಯಲ್ಲಿ ಮಾರುವ ಸಾಕುಮೊಲವು ಸ್ಪೇನ್ ದೇಶದ ಕಡೆಯ ಬೇರೊಂದು ಕುಲದಿಂದ ಬಂದುದು. ಅದರ ಮರಿ ಕಣ್ಣು ಮುಚ್ಚಿಕೊಂಡು, ಬರಿ ಮೈಯಲ್ಲಿ, ನೆಲದೊಳಗಿನ ಬಿಲದಲ್ಲಿ ಹುಟ್ಟತಕ್ಕದ್ದು. ಆ ಕಾರಣ ನೆಲವನ್ನು ತೋಡುವುದು ಅದರ ದುರಭ್ಯಾಸವಲ್ಲ, ಹುಟ್ಟುಗುಣ. ಹಲ್ಲುಗಳಾದರೋ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ಏನನ್ನಾದರೂ ಕಡಿಯುತ್ತಿರಲೇಬೇಕು.

ಕಡಿಯುವ ವಿಷಯದಲ್ಲಿ ಎರಡು ಕುಲಗಳೂ ಒಂದನ್ನೊಂದು ಮೀರಿಸುತ್ತವೆ. ಇಂಗ್ಲೆಂಡಿನ ಕವಿ ವಿಲಿಯಂ ಕೂಪರನು 1774ರಲ್ಲಿ ಮನೋವ್ಯಥೆಯಿಂದ ಬಳಲುತ್ತಿದ್ದಾಗ ಓಲ್ನಿ ಎಂಬ ಊರಿನಲ್ಲಿ ಮೂರು ಕಾಡುಮೊಲಗಳನ್ನು ಸಾಕಿಕೊಂಡನು. ಅವುಗಳಿಗೆ ಪುಸ್, ಟೈನಿ, ಬೆಸ್ ಎಂದು ಹೆಸರಿಟ್ಟನು, ಮೂರೂ ಗಂಡು. 1780ನೆಯ ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ, ಕವಿಯು ಊಟಕ್ಕೆ ಕುಳಿತಿದ್ದಾಗ, ಪುಸ್ ಎಂಬುದು ಕಿಟಕಿಗೆ ಕಟ್ಟಿದ್ದ ಜಾಲರಿಯ ದಾರಗಳನ್ನು ಕಡಿದುಹಾಕಿ ಹೊರಬಿದ್ದಿತು. ಊರಿನ ಜನವೂ ನಾಯಿಗಳೂ ಬೆನ್ನಟ್ಟಿದುವು. ಕಡೆಗೆ ಅದು ತೊಗಲು ಹದಮಾಡುವ ಗುಂಡಿಯೊಂದರ ನೀರಿಗೆ ಬಿದ್ದಾಗ ಯಾರೋ ಕಿವಿ ಹಿಡಿದು ಮೇಲಕ್ಕೆತ್ತಿದರು. ಕಿವಿ ಹಿಡಿದು ಎತ್ತುವುದು ಬಲು ಕೆಟ್ಟ ಪದ್ಧತಿ. ಆ ದಿನದ ಮಟ್ಟಿಗೆ ಕ್ಷಮಿಸಬಹುದು. ಈ ಪುಸ್ ಒಟ್ಟು ಹನ್ನೆರಡು ವರ್ಷಗಳಿಗೆ ಒಂದೇ ತಿಂಗಳು ಕಡಮೆಯಾಗುವಷ್ಟು ಕಾಲ ಬದುಕಿತೆಂಬುದು ಸಂತೋಷದ ಸಂಗತಿ. ದಾರ, ಪ್ಲಾಸ್ಟಿಕ್ ಬಲೆ, ತೆಳುವಾದ ಬಿದಿರುತಟ್ಟಿ, ಇವು ಯಾವುವೂ ಮೊಲದ ಹಲ್ಲಿಗೆ ಅಡ್ಡಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಬೇಲಿ ಎಂಥದಿರಬೇಕು? ಇಡೀ ತೋಟಕ್ಕೆ ಬೇಲಿ ಕಟ್ಟಿ ಮೊಲವನ್ನು ಅದರಲ್ಲೆಲ್ಲ ಬಿಡುವೆವೆಂಬುದು ನಮ್ಮ ಮತದಲ್ಲಿ ಅವಿವೇಕ. ಹತ್ತು ಮನೆಯವರ ತೋಟ ಹತ್ತು ಮನೆಯವರದು. ಒಂದು ಮೂಲೆಯಲ್ಲಿ ಹತ್ತಡಿ ಉದ್ದ ಹತ್ತಡಿ ಅಗಲದ ನೆಲವನ್ನು ಎಲ್ಲರ ಒಪ್ಪಿಗೆಯಿಂದ ಕೇಳಿ ಪಡೆದು ಅದನ್ನು ಭದ್ರಮಾಡುವುದು ಸುಲಭ. ನೆರೆಯವರ ಪಾತಿಗಳೂ ಉಳಿಯುತ್ತವೆ. ಕೋಳಿಗೂಡಿಗೆ ಹೊದಿಸುವ ತೆಳುವಾದ ಬಲೆಯು ಮೊಲವನ್ನು ಕೆಲವು ಕಾಲ ಒಳಗಿಟ್ಟೀತೇ ಹೊರತು ನಾಯಿಯನ್ನು ಹೊರಗಿಡಲಾರದು. ಕಬ್ಬಿಣದ ಅಂಗಡಿಯವರು ವೆಲ್ಡ್ ಮೆಶ್ ಎಂದು ಕರೆಯುವ, ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ ಬೇಕು. ಅದರ ಕಣ್ಣು ಒಂದು ಅಂಗುಲಕ್ಕೆ ಮೀರಬಾರದು. ಎತ್ತರ ನಾಲ್ಕು ಅಡಿ ಇದ್ದರೆ ಒಳ್ಳೆಯದು. ಆದರೆ ಜಾಲರಿಯನ್ನು ನೆಲದ ಮಟ್ಟಕ್ಕೆ ನಿಲ್ಲಿಸಿಬಿಟ್ಟರೆ ಕೆಲಸ ಅರ್ಧವಾಯಿತಷ್ಟೆ. ಮೊಲವು ತೋಡುವುದು ಬೇಲಿಯ ಬುಡದಲ್ಲಿಯೇ. ಆದುದರಿಂದ ಬುಡದಲ್ಲಿ ಒಂದಡಿ ಅಗಲದ ಜಾಲರಿಯನ್ನು ಒಳಮುಖವಾಗಿ ಮಡಿಸಿ ನೆಲದ ಮೇಲೆ ಮಲಗಿಸಿ ಗೂಟ ಹೊಡೆಯತಕ್ಕದ್ದು. ಹುಲ್ಲು ಅದರ ಕಣ್ಣುಗಳಿಂದ ಮೇಲಕ್ಕೆ ಬೆಳೆದು ಕೆಲವು ವಾರಗಳಲ್ಲಿ ತಾನೇ ಅದನ್ನು ಮರೆಮಾಡಿಬಿಡುತ್ತದೆ. ಹೆಗ್ಗಣಗಳ ಕಾಟವಿರುವ ಕಡೆ ಹೊರಮುಖವಾಗಿಯೂ ಇನ್ನೊಂದು ಅಂಚು ಬೇಕಾಗುತ್ತದೆ.

ಬೇಲಿಗಿಂತ ಬಾಗಿಲು ದುರ್ಬಲ. ಆಸ್ಟ್ರೇಲಿಯದ ಕಥೆಯನ್ನು ನೋಡಿ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ಸೊಗಸಿಗಾಗಿ ಇಂಗ್ಲೆಂಡಿನಿಂದ ತರಿಸಿ ಬಿಟ್ಟ ಕೆಲವು ಮೊಲಗಳ ಸಂತಾನವು ಆ ಖಂಡವನ್ನೇ ಮೇಯತೊಡಗಿತು. ಪಶ್ಚಿಮ ಭಾಗದ ಸರಕಾರವು 1901ರಿಂದ 1907ರವರೆಗೆ ಸಾವಿರಾರು ಮೈಲಿ ಉದ್ದದ ಬೇಲಿಗಳನ್ನು ಹಾಕಿಸಿತು. ಕಟ್ಟುತ್ತಿರುವಾಗಲೇ ಮೊಲಗಳು ಆಚೆಯ ಕಡೆಗೆ ದಾಟಿಬಿಟ್ಟಿದ್ದುವು! ಒಂದು ಸರಕಾರದಿಂದಾಗದ ಕೆಲಸವನ್ನು ನಮ್ಮ ವಠಾರದ ಹಾಲಿನವನಿಂದಲೂ ಪತ್ರಿಕೆಯ ಹುಡುಗನಿಂದಲೂ ಚೆಂಡು ಹುಡುಕಿಕೊಂಡು ಬರುವ ಮಕ್ಕಳಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ. 'ದಯವಿಟ್ಟು ಬಾಗಿಲು ಮುಚ್ಚಿ' ಎಂದು ಬರೆಯುವುದಕ್ಕೆ ಬದಲು, ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗನ್ನು ಬಾಗಿಲಿಗೆ ಹಾಕಿಸುವುದು ಮೇಲು. ಗೋಡೆಯಲ್ಲಿ ಮಳೆಯ ನೀರು ಹೋಗುವ ಕಂಡಿಗಳಿಗೂ ಸರಳುಗಳನ್ನು ಮರೆಯದೆ ಕೂಡಿಸತಕ್ಕದ್ದು. ತಲೆ ತೂರುವ ಕಡೆ ಮೊಲದ ಮೈಯೂ ತೂರುತ್ತದೆ.

ಶತ್ರುಗಳ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ನೆಲದ ಮೇಲೆ ನಾಯಿ, ಬೆಕ್ಕು, ಮುಂಗುಸಿ, ಆಕಾಶದಲ್ಲಿ ಹದ್ದು, ಮರಿಗಳಿಗೆ ಕಾಗೆಯೂ ಹೌದು. ಆದುದರಿಂದ ಮೇಲುಗಡೆಗೂ ಜಾಲರಿ ಬೇಕು. ಒಳಗೆ ಅಡಗಲು ಒಂದು ಮರದ ಪೆಟ್ಟಿಗೆಯಿರಲಿ. ಅದಕ್ಕೆ ಎರಡು ಬಾಗಿಲುಗಳಿರಲಿ. ಒಂದೇ ಬಾಗಿಲಿನ ಪೆಟ್ಟಿಗೆ ಮೊಲಕ್ಕೆ ಮನೆಯಲ್ಲ, ಬೋನು. ನಾಯಿಯು ಮೊಲವನ್ನು ಮುಟ್ಟಬೇಕೆಂದೂ ಇಲ್ಲ. ಬೇಲಿಯಾಚೆ ನಿಂತು ಬಿಡದೆ ಬೊಗಳಿದರೆ, ಆ ಭಯದಿಂದಲೇ ಮೊಲ ಸತ್ತುಬಿಡುವುದುಂಟು.

ಇನ್ನು ಮುಖ್ಯ ವಿಷಯ. ಹಲ್ಲುಳ್ಳ ಶತ್ರುವನ್ನು ತಂತಿ ತಡೆಯುತ್ತದೆ. ಪ್ರೀತಿಯಿಂದ ಬರುವ ಶತ್ರುವನ್ನು ತಂತಿ ತಡೆಯಲಾರದು. ಬೇಲಿಯ ಬಳಿ ಬಂದು ನಿಂತವರಿಗೆಲ್ಲ ಮೊಲಕ್ಕೆ ಏನಾದರೂ ತಿನ್ನಿಸಬೇಕೆಂಬ ಆಸೆ. ಕೈಗೆ ಸಿಕ್ಕಿದ ಸೊಪ್ಪನ್ನು ತೂರಿಸುತ್ತಾರೆ. ಮಾಲಿಯು ಕತ್ತರಿಸಿದ ಬೇಲಿಸೊಪ್ಪನ್ನು, ವ್ಯರ್ಥವೇಕೆಂದು, ತಂದು ಸುರಿಯುತ್ತಾನೆ. 'ತನಗಾಗದ ಗಿಡವನ್ನು ಪ್ರಾಣಿ ತಾನೇ ಬಿಡುತ್ತದೆ' ಎಂದು ಹೇಳುವವರುಂಟು. ಕೆಲವು ಮೊಲಗಳ ರಕ್ತದಲ್ಲಿ ಅಟ್ರೊಪೀನ್ ಎಂಬ ವಿಷವನ್ನು ಮುರಿಯುವ ಶಕ್ತಿ ಇರುವುದು ನಿಜವೇ. ಆದರೆ ಅದು ಎಲ್ಲ ಮೊಲಗಳಿಗೂ ಇಲ್ಲ, ಎಲ್ಲ ವಿಷಗಳಿಗೂ ಸಲ್ಲದು. ಅದಕ್ಕಿಂತ ದೊಡ್ಡ ಮಾತೆಂದರೆ, ಮೊಲಕ್ಕೆ ವಾಂತಿಮಾಡುವ ಶಕ್ತಿಯೇ ಇಲ್ಲ. ಒಳಗೆ ಹೋದುದು ಹೋಯಿತು.

ನಮ್ಮ ತೋಟಗಳಲ್ಲಿ ಮೊದಲು ಅಂಜಬೇಕಾದುದು ಕಣಗಿಲೆಗೆ. ಬಿಳಿ, ಕೆಂಪು, ಹಳದಿ, ಯಾವುದಾದರೂ ಸರಿ, ಹೃದಯವನ್ನು ಕೆಡಿಸುವ ವಿಷ ಅದರ ಎಲೆ, ಹೂ, ತೊಗಟೆಗಳಲ್ಲೆಲ್ಲ ಇದೆ. ಒಣಗಿದ ಎಲೆಯಲ್ಲಿಯೂ ಹೋಗದು. ಲಂಟಾನವು ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ. ಬೆಣ್ಣೆಹಣ್ಣಿನ ಮರದ ಎಲೆಯೂ ಹಣ್ಣೂ ನಿಷಿದ್ಧ. ಕೆಸು ಮತ್ತು ಅದರ ಬಳಗಕ್ಕೆ ಸೇರಿದ, ಕುಂಡಗಳಲ್ಲಿಡುವ ಬಣ್ಣದೆಲೆಯ ಗಿಡಗಳು ಬಾಯನ್ನು ಸುಡುತ್ತವೆ. ಕತ್ತರಿಸಿ ರಾಶಿಹಾಕಿದ ಹುಲ್ಲು ಸಹ, ಬೇಗ ಬಿಸಿಯಾಗಿ ಹುಳಿಯುವುದರಿಂದ, ಕೂಡದು. ಕೊಡಬಹುದಾದುವೂ ಬೇಕಾದಷ್ಟಿವೆ: ಗರಿಕೆ, ದಾಸವಾಳದ ಎಲೆ ಹೂಗಳು, ಗುಲಾಬಿಯ ದಳ, ಪುದೀನ, ಕೊತ್ತಂಬರಿ. ಎಲ್ಲಕ್ಕಿಂತ ಮೊದಲು ಒಣಹುಲ್ಲು.

ನಾವು ವಾಸಮಾಡುವ ಆವರಣದಲ್ಲಿ ಒಂದು ಹಳೆಯ ಕಣಗಿಲೆಯ ಗಿಡವುಂಟು. ಅಲ್ಲಿನ ಹಿರಿಯರಾದ ತಾಯಿಯೊಬ್ಬರು ದಿನವೂ ಬೆಳಗಿನ ಜಾವ ಪೂಜೆಗೆ ಅದರ ಹೂ ಬಿಡಿಸುತ್ತಾರೆ. ಮೊಲ ತಂದ ಮನೆಯ ತರುಣನು ಗಿಡವನ್ನು ಕಡಿಸಬೇಕೆಂದು ಸಭೆಯಲ್ಲಿ ಕೇಳಿದನು. ಆ ತಾಯಿ ಸ್ವಲ್ಪವೂ ಕೋಪಿಸಿಕೊಳ್ಳದೆ, 'ಮಗು, ಈ ಗಿಡ ನೆಟ್ಟಾಗ ನಿಮ್ಮಪ್ಪನಿಗೇ ಮದುವೆಯಾಗಿರಲಿಲ್ಲ. ನಿನ್ನ ಮೊಲ ಮೊನ್ನೆ ಬಂತು' ಎಂದರು. ಅವರ ಮಾತೇ ಸರಿ ಎಂದು ನಮ್ಮ ಅಭಿಪ್ರಾಯ. ಸಭೆಯೂ ಹಾಗೆಯೇ ತೀರ್ಮಾನಿಸಿತು. ಮೊಲದ ಆವರಣವನ್ನು, ಉದುರಿದ ಎಲೆ ಗಾಳಿಗೆ ಹಾರಿಬರದಂತೆ, ತೋಟದ ಇನ್ನೊಂದು ಕೊನೆಗೆ ಸಾಗಿಸಲಾಯಿತು. ಈಗ ಆ ತಾಯಿಯೇ ಕಣಗಿಲೆಯ ಬುಡವನ್ನು ಗುಡಿಸಿಡುತ್ತಾರೆ. ಸಂಕಷ್ಟಿಯ ದಿನ ಗಣಪತಿಗೆ ತಂದು ಮಿಕ್ಕ ಗರಿಕೆಯನ್ನು, ಅರಿಸಿನ ಕುಂಕುಮ ತಾಗಿಲ್ಲವೆಂಬುದನ್ನು ನೋಡಿಕೊಂಡು, ಮೊಲದ ಮನೆಯವರ ಕೈಗೇ ಕೊಡುತ್ತಾರೆ. ಬೇಲಿಯೊಳಕ್ಕೆ ತಾವಾಗಿ ಹಾಕುವುದಿಲ್ಲ.

ಮಾಲಿಯೊಡನೆ ಆಡಬೇಕಾದ ಮಾತು ಇನ್ನೂ ಮುಖ್ಯವಾದುದು. ವಿಷಕ್ಕೆ ನಮ್ಮಲ್ಲಿ 'ಔಷಧ' ಎಂದೇ ಹೆಸರು. ಗುಲಾಬಿಗೆ ಹೊಡೆದ ಔಷಧ ಗಾಳಿಯಲ್ಲಿ ತೇಲಿ ಹುಲ್ಲಿನ ಮೇಲೆ ಕೂಡುತ್ತದೆ. ಮಳೆಗಾಲದಲ್ಲಿ ಬಸವನಹುಳುಗಳಿಗೆಂದು ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆಗಳು ತೌಡಿನಂಥ ಹಿಟ್ಟಿನಿಂದ ಮಾಡಿದುವಾದುದರಿಂದ ಮೊಲಕ್ಕೂ ರುಚಿಯೇ. ಇಲಿಪಾಷಾಣವಂತೂ ಹೇಳಬೇಕಾದುದಿಲ್ಲ. ಇವುಗಳನ್ನು ಎಲ್ಲಿ, ಯಾವ ದಿನ ಉಪಯೋಗಿಸುವುದೆಂಬುದನ್ನು ಮುಂಚಿತವಾಗಿ ತಿಳಿಸಬೇಕೆಂದೂ, ಮೊಲದ ಆವರಣದ ಸುತ್ತ ಒಂದಷ್ಟು ದೂರ ಉಪಯೋಗಿಸಲೇಕೂಡದೆಂದೂ ಗೊತ್ತುಮಾಡಿಕೊಳ್ಳಬೇಕು. ಅದನ್ನು ಮಾಲಿಗೆ ಅಪ್ಪಣೆಯಾಗಿ ಹೇಳದೆ, ಕಾರಣಸಹಿತ ತಿಳಿಸಿಹೇಳುವುದು ಒಳ್ಳೆಯದು. ಕಾರಣವನ್ನು ತಿಳಿದವನು ಯಜಮಾನರು ಊರಿನಲ್ಲಿಲ್ಲದಾಗಲೂ ಎಚ್ಚರವಾಗಿರುತ್ತಾನೆ. ನೆರೆಮನೆಯ ನಾಯಿಯ ಉಣ್ಣೆಗೆ ಹಾಕಿ ಮಿಕ್ಕ ಫಿಪ್ರೊನಿಲನ್ನು ಯಾರಾದರೂ ಉದಾರವಾಗಿ ಕೊಟ್ಟರೆ ಸ್ವೀಕರಿಸಬಾರದು; ನಾಯಿಗೆ ಒಗ್ಗುವ ಆ ಔಷಧ ಮೊಲಕ್ಕೆ ಪ್ರಾಣಾಂತಿಕ.

ಸೆಕೆಯೂ ಒಂದು ವಿಷವೇ. ಮೊಲಕ್ಕೆ ನಮ್ಮಂತೆ ಬೆವರು ಬರುವುದಿಲ್ಲ. ಕಿವಿಗಳ ಮೂಲಕವೇ ಬಹುಪಾಲು ಕಾವನ್ನು ಕಳೆಯಬೇಕು. ಸೆಂಟಿಗ್ರೇಡಿನ 30 ಡಿಗ್ರಿ ದಾಟಿದರೆ ಕಷ್ಟ. ನಮ್ಮ ಬೇಸಗೆ ಅದನ್ನು ಸುಲಭವಾಗಿ ದಾಟುತ್ತದೆ. ತಗಡಿನ ಸೂರು ಕೂಡದು. ಮರದ ನೆರಳು, ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರು, ಒರಗಿ ಮಲಗಲು ಒದ್ದೆಮಾಡಿದ ಒಂದು ಹೆಂಚು, ಇಷ್ಟಾದರೂ ಇರಬೇಕು. ನಡುಹಗಲಿನಲ್ಲಿ ಮನೆಯೊಳಗಿನ ತಂಪೇ ಲೇಸು. ರಾತ್ರಿಯಂತೂ ಎಷ್ಟೇ ಭದ್ರವಾದ ಬೇಲಿಯಿದ್ದರೂ ಹೊರಗೆ ಬಿಡತಕ್ಕದ್ದಲ್ಲ.

ಎರಡು ಮೊಲಗಳನ್ನು ಕೊಳ್ಳುವವರು ಅಂಗಡಿಯವನು 'ಎರಡೂ ಹೆಣ್ಣು' ಎಂದುದನ್ನು ನಂಬದೆ ಪಶುವೈದ್ಯರಿಗೆ ತೋರಿಸುವುದು ಒಳಿತು. ಗರ್ಭಕಾಲ ಒಂದು ತಿಂಗಳು. ಹೆತ್ತ ದಿನವೇ ಮತ್ತೆ ಗರ್ಭಕಟ್ಟಬಲ್ಲದು. ವಠಾರದವರ ಸೈರಣೆಗೂ ಒಂದು ಮಿತಿಯುಂಟಷ್ಟೆ.

ಕಾಯಿಲೆಯನ್ನು ಮೊಲ ಬಚ್ಚಿಡುತ್ತದೆ. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಮುದುಡಿ ಕುಳಿತಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ಮೊಲಗಳಿಗೆ ಚಿಕಿತ್ಸೆಮಾಡಿ ಬಲ್ಲ ವೈದ್ಯರು ಯಾರೆಂಬುದನ್ನು ಮೊದಲೇ ವಿಚಾರಿಸಿ, ಅವರ ದೂರವಾಣಿಯ ಸಂಖ್ಯೆಯನ್ನು ಆವರಣದ ಬಾಗಿಲಿನ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು ಹಾಕತಕ್ಕದ್ದು. ಅದರ ಕೆಳಗೆ, ಮಕ್ಕಳಿಗೂ ಓದಲು ಬರುವಷ್ಟು ದಪ್ಪ ಅಕ್ಷರಗಳಲ್ಲಿ, 'ಕೇಳದೆ ಏನನ್ನೂ ತಿನ್ನಿಸಬೇಡಿ' ಎಂದು ಬರೆದಿರಲಿ.