ಜೋಳಿಗೆಗೆ ಹಾಕಲಾಗದವರು

ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಆದರೆ ಚಟ ಇನ್ನೂ ಬಿಡಲಾಗದವನ ಗತಿಯೇನು?

ಗೋಕರ್ಣದ ಓಂ ಬೀಚಿನಲ್ಲಿ, ಬಂಡೆಯ ಪಕ್ಕ ಅಮಲಿನಲ್ಲಿ ಬಿದ್ದಿದ್ದ ಹುಡುಗನಿಗೆ ನಾನು ಬುದ್ಧಿ ಹೇಳಹೊರಟೆ. ಅಲ್ಲಿದ್ದ ಒಬ್ಬಾತ, 'ಸರ್, ಮೊದಲು ಮಗ್ಗುಲಾಗಿ ಮಲಗಿಸೋಣ, ವಾಂತಿ ಉಸಿರಿಗೆ ಅಡ್ಡ ಬಂದೀತು. ನಾನೂ ಹೀಗೇ ಬಿದ್ದವನು' ಎಂದ. ಹುಡುಗ ಕಣ್ಣುಬಿಟ್ಟು ಮಾತಾಡಿದ್ದು ಅವನೊಡನೆ, ನನ್ನೊಡನಲ್ಲ.

ಸರ್ಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇಂಥವರೇ 'ಪೀರ್ ಎಜುಕೇಟರ್'ಗಳು. ಮಾದಕದ್ರವ್ಯ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿಯನ್ನೂ ಕೊಡುತ್ತಾರೆ. ಇದು ಕುಮ್ಮಕ್ಕಲ್ಲವೇ ಎಂದು ನಾನೂ ಕೇಳಿದ್ದೆ. ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ಹಬ್ಬುತ್ತದೆ. ಸೇತುವೆ ಮುಗಿಯುವ ತನಕ ದೋಣಿ ನಿಲ್ಲಿಸಿರೆಂದು ನಾವು ಎಂಜಿನಿಯರರೂ ಹೇಳುವುದಿಲ್ಲ.

ವ್ಯಸನಮುಕ್ತ ಶಿಬಿರಗಳಲ್ಲಿ ನನ್ನಂಥವರನ್ನು ವೇದಿಕೆಗೆ ಕರೆಯುತ್ತೀರಿ. ಬರುವ ಆಗಸ್ಟ್ 1ಕ್ಕೆ ಕುಡಿತ ಬಿಟ್ಟವನೊಬ್ಬನನ್ನು ಕೂರಿಸಿ. ಅವನಿಗೂ ಗೌರವಧನ ಕೊಡಿ.