ಬೋಯರ್ ಯುದ್ಧ ಮತ್ತು ಎರಡು ಕೆನಡಾ

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ನಿಮಗೆಲ್ಲ ಗೊತ್ತು. ಆ ಹೆಸರಿನ ಲಾರ್ಡ್ ಮಿಂಟೋ ಇಲ್ಲಿಗೆ ವೈಸರಾಯ್ ಆಗಿ ಬರುವ ಮುಂಚೆ ಕೆನಡಾದ ಗವರ್ನರ್ ಜನರಲ್ ಆಗಿದ್ದವರು. 1899ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಯುದ್ಧ ಹತ್ತಿಕೊಂಡಾಗ ಒಟ್ಟಾವದಲ್ಲಿ ಕೂತು ಸೈನ್ಯ ಕಳಿಸಬೇಕೆಂದು ಬಯಸಿದವರಲ್ಲಿ ಅವರೂ ಒಬ್ಬರು.

ಕೆನಡಾ ಡೊಮಿನಿಯನ್ ಆಗಿ ಆಗ 32 ವರ್ಷ. ಮನೆಯೊಳಗಿನ ಆಡಳಿತ ತನ್ನದು, ಯುದ್ಧ ಸಾರುವ ಅಧಿಕಾರ ಲಂಡನ್ನಿನದು. ಪ್ರಧಾನಿ ವಿಲ್ಫ್ರಿಡ್ ಲೋರಿಯೇ, ಆ ಹುದ್ದೆಗೇರಿದ ಮೊದಲ ಫ್ರೆಂಚ್ ಕೆನಡಿಯನ್. ಇಂಗ್ಲಿಷ್ ಪತ್ರಿಕೆಗಳು ಸೈನ್ಯ ಕಳಿಸಿ ಎಂದು ಅಬ್ಬರಿಸುತ್ತಿದ್ದವು. ಫ್ರೆಂಚ್ ಮಾತಾಡುವ ಕ್ವಿಬೆಕ್‌ನವರಿಗೋ ಬೋಯರರಲ್ಲಿ ತಮ್ಮದೇ ಮುಖ ಕಂಡಿತು: ತಮ್ಮ ಭಾಷೆ, ತಮ್ಮ ಚರ್ಚು ಕಟ್ಟಿಕೊಂಡು ಸಾಮ್ರಾಜ್ಯದ ಕಾಲಡಿಯಲ್ಲಿ ಸಿಕ್ಕ ಸಣ್ಣ ರೈತ ಸಮುದಾಯ. ಲೋರಿಯೇ ಅಡ್ಡಗೋಡೆಯ ಮೇಲೆ ದೀಪವಿಟ್ಟರು. 1,000 ಸ್ವಯಂಸೇವಕರು ಹೋಗಲಿ; ಸಜ್ಜುಗೊಳಿಸಿ ಹಡಗು ಹತ್ತಿಸುವ ಖರ್ಚು ನಮ್ಮದು, ಅಲ್ಲಿಂದಾಚೆಗೆ ಬ್ರಿಟನ್ನಿನದು; ಇದನ್ನು ಮುಂದಕ್ಕೆ ಮೇಲ್ಪಂಕ್ತಿ ಎಂದು ತಿಳಿಯತಕ್ಕದ್ದಲ್ಲ! ಸಂಸತ್ತನ್ನು ಕರೆಯಲೇ ಇಲ್ಲ.

ಲೋರಿಯೇ ಪಕ್ಷದವನೇ ಆದ ತರುಣ ಸದಸ್ಯ ಆನ್ರಿ ಬುರಾಸಾ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟ. ಜನಪ್ರತಿನಿಧಿಗಳನ್ನು ಕೇಳದೆ ಜನರ ಹಣ, ಜನರ ರಕ್ತ ಕೊಡಲು ನೀವು ಯಾರು ಎಂಬುದು ಅವನ ತಕರಾರು. ಕ್ಷೇತ್ರದ ಜನ ಅವನನ್ನು ಅವಿರೋಧವಾಗಿ ಮತ್ತೆ ಆರಿಸಿ ಕಳಿಸಿದರು.

ಇನ್ನು ರಣರಂಗ. 1900ರ ಫೆಬ್ರವರಿಯಲ್ಲಿ ಮಾಡರ್ ನದಿಯ ದಂಡೆಯ ಪಾರ್ಡೆಬರ್ಗ್‌ನಲ್ಲಿ ಬೋಯರ್ ಸೇನಾನಿ ಕ್ರೋನ್ಯೆಯನ್ನು ಕೆನಡಿಯನ್ನರೂ ಇದ್ದ ಬ್ರಿಟಿಷ್ ಸೈನ್ಯ ಸುತ್ತುವರಿದಿತ್ತು. ಸತ್ತ ಕುದುರೆ, ಎತ್ತುಗಳು ಕೊಳೆಯುತ್ತಿದ್ದ ಆ ನದಿಯ ನೀರನ್ನೇ ಸೈನಿಕರು ಕುಡಿಯಬೇಕು. ವಿಷಮಶೀತ ಜ್ವರ ಸಾಲುಸಾಲಾಗಿ ಮಲಗಿಸಿತು. ಆ ಯುದ್ಧದಲ್ಲಿ ಸತ್ತ ಕೆನಡಿಯನ್ನರಲ್ಲಿ ಗುಂಡಿಗಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. 27ರ ಬೆಳಗಿನ ಜಾವ, ಕತ್ತಲಲ್ಲೇ ಮುಂದೊತ್ತುತ್ತಿದ್ದ ಕೆನಡಾ ಪಡೆಯ ಮೇಲೆ ಗುಂಡಿನ ಮಳೆ. ‘ಹಿಂದಕ್ಕೆ’ ಎಂದು ಯಾರೋ ಕೂಗಿದರು, ಬಹುಪಾಲು ಪಡೆ ಹಿಂದೆ ಸರಿಯಿತು. ಅಟ್ಲಾಂಟಿಕ್ ಕರಾವಳಿ ಪ್ರಾಂತ್ಯಗಳ ಎರಡು ತುಕಡಿಗಳು ಮಾತ್ರ ಕದಲದೆ ಅಲ್ಲೇ ಕಂದಕ ತೋಡಿ ಕೂತವು. ಬೆಳಕು ಹರಿದಾಗ ಬೋಯರರ ಬಿಡಾರ ಅವರ ಬಂದೂಕಿನ ಕೆಳಗೇ ಇತ್ತು. ಬಿಳಿ ಬಾವುಟ ಮೇಲೆದ್ದಿತು. ಸುಮಾರು 4,000 ಜನ ಶರಣಾದರು. ಅರ್ಧ ಗೊಂದಲ, ಅರ್ಧ ಹಟ! ಆದರೆ ಊರಿಗೆ ಮುಟ್ಟಿದ್ದು ಗೊಂದಲವಲ್ಲ, ಗೆಲುವಿನ ತಂತಿ.

ಬ್ರಿಟಿಷ್ ಅಧಿಕಾರಿಗಳು ನಮಗಿಂತ ಮೇಲೇನಲ್ಲ ಎಂಬ ಭಾವನೆ ಹೊತ್ತು ಆ ಕೆನಡಾ ಸೈನಿಕರು ಮರಳಿದರು. 1904ರ ಕಾನೂನು ಸೈನ್ಯದ ಅತ್ಯುನ್ನತ ಹುದ್ದೆಯನ್ನು ಕೆನಡಿಯನ್ನರಿಗೂ ತೆರೆಯಿತು. ಪಾರ್ಡೆಬರ್ಗ್‌ನಲ್ಲಿ ಪಡೆ ನಡೆಸಿದ್ದ ವಿಲಿಯಂ ಆಟರ್ 1908ರಲ್ಲಿ ಆ ಪದವಿಗೇರಿದ. ಸಾಮ್ರಾಜ್ಯದ ಸೇವೆಗೆಂದು ಹೋದವರೇ ಸಾಮ್ರಾಜ್ಯದ ಮೇಲಿನ ಬೆರಗು ಕಳೆದುಕೊಂಡು ಬಂದರು ಎನ್ನುವುದು ನನಗೆ ಬಹಳ ಹಿಡಿಸುವ ವಿಚಾರ.

ಆದರೆ ಕತೆಯನ್ನು ಇಷ್ಟಕ್ಕೇ ಮುಗಿಸುವವರು ಅರ್ಧ ಕತೆ ಹೇಳುತ್ತಾರೆ. 1900ರ ಮಾರ್ಚಿನಲ್ಲಿ ಬೋಯರರು ಮುತ್ತಿಗೆ ಹಾಕಿದ್ದ ಲೇಡಿಸ್ಮಿತ್ ಊರಿನ ಬಿಡುಗಡೆಯ ಸುದ್ದಿ ಬಂದಾಗ ಮಾಂಟ್ರಿಯಲ್‌ನ ಇಂಗ್ಲಿಷ್ ವಿಶ್ವವಿದ್ಯಾಲಯ ಮೆಕ್‌ಗಿಲ್‌ನ ವಿದ್ಯಾರ್ಥಿಗಳು ಸಂಭ್ರಮದ ಮೆರವಣಿಗೆಯಲ್ಲಿ ಫ್ರೆಂಚ್ ಪತ್ರಿಕಾ ಕಚೇರಿಗಳತ್ತ, ಫ್ರೆಂಚ್ ವಿಶ್ವವಿದ್ಯಾಲಯ ಲಾವಾಲ್‌ನ ವಿದ್ಯಾರ್ಥಿಗಳತ್ತ ನುಗ್ಗಿ ಬೀದಿ ಕಾಳಗವೇ ಆಯಿತು. ಒಂದೇ ಸುದ್ದಿಗೆ ಒಂದೇ ಊರಿನಲ್ಲಿ ಒಂದು ಬೀದಿ ಹಬ್ಬ, ಒಂದು ಬೀದಿ ಹೊಡೆದಾಟ. ಸಾಮ್ರಾಜ್ಯದ ಜೊತೆ ನಿಂತು ದೊಡ್ಡವರಾದೆವು ಎಂಬ ಕೆನಡಾ, ಸಾಮ್ರಾಜ್ಯದಿಂದ ದೂರ ನಿಂತರೇ ನಾವು ನಾವಾಗುವುದು ಎಂಬ ಕೆನಡಾ, ಎರಡಕ್ಕೂ ಹೊಸ ಕಸುವು ಸಿಕ್ಕಿದ್ದು ಇದೇ ಯುದ್ಧದಿಂದ.

ಮೊದಲನೆಯ ಕೆನಡಾ ಪ್ರತಿವರ್ಷ ಫೆಬ್ರವರಿ 27ರಂದು ಸ್ಮಾರಕಗಳ ಮುಂದೆ ಸೇರುತ್ತಿತ್ತು; ಮೊದಲ ಮಹಾಯುದ್ಧ ಮುಗಿದ ಮೇಲೆ ಅದರ ಕದನವಿರಾಮದ ದಿನವಾದ ನವೆಂಬರ್ 11 ಆ ಜಾಗ ಹಿಡಿಯಿತು. ಎರಡನೆಯದರ ದನಿಯಾದ ಬುರಾಸಾ 1910ರಲ್ಲಿ ‘ಲ ದೆವ್ವಾರ್’ ಪತ್ರಿಕೆ ತೆಗೆದ. 1917ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದಾಗ ಅದನ್ನೂ ಅಲ್ಲಿ ವಿರೋಧಿಸಿದ. ಮಾಂಟ್ರಿಯಲ್‌ನಲ್ಲಿ ಆ ಪತ್ರಿಕೆ ಇವತ್ತಿಗೂ ನಡೆಯುತ್ತಿದೆ.