ಎತ್ತಿಕೊಂಡರೆ ಕೂಸು ಕೆಡುವುದಿಲ್ಲ



ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ತಾಳವಾಡಿ ಸೀಮೆ. ಜಿಲ್ಲೆ ತಮಿಳುನಾಡಿನ ಈರೋಡು, ಮನೆಮಾತು ಬಹುಪಾಲು ಕನ್ನಡ. ಇಲ್ಲಿಯೂ ಬಾಣಂತಿ ಕೋಣೆಯಲ್ಲಿ ಅಜ್ಜಿ ಹೇಳುವುದೊಂದು, ನರ್ಸಮ್ಮ ಹೇಳುವುದೊಂದು. ನಡುವೆ ನಲುಗುವವಳು ತಾಯಿ.

ಕಾಡುಜೇನು ಸಿಗುವ ಬೆಟ್ಟವಿದು. ಕೂಸಿನ ನಾಲಿಗೆಗೆ ಒಂದು ತೊಟ್ಟು ಸವರುವ ಆಸೆ ಹಿರಿಯರಿಗೆ ಸಹಜ. ಆದರೆ ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಕಿಲ್ಲ. ಇಲ್ಲಿ ನಾನು ನರ್ಸಮ್ಮನ ಕಡೆ.

ಆರು ತಿಂಗಳು ತುಂಬಿತೋ, ಅಜ್ಜಿಯ ಕೈಗೆ ಸಮನಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿ! ಮೊಳಕೆ ಹಿಟ್ಟು ಬೆಂದಾಗ ಅಷ್ಟಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಪುಟ್ಟ ಹೊಟ್ಟೆಗೂ ಹೆಚ್ಚು ಸತ್ವ ಸೇರುತ್ತದೆ.

ಇನ್ನು, "ಅತ್ತಾಗಲೆಲ್ಲ ಎತ್ತಬೇಡ, ಅಭ್ಯಾಸವಾಗುತ್ತೆ" ಎಂಬ ಮಾತು. ಇದನ್ನು ನಾನು ಒಪ್ಪಲಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ, ವೈದ್ಯ ಎಡ್ಗರ್ ರೇ ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಎದೆಗೇ ಒರಗಿಸಿದರು, ಮೈಗೆ ಮೈ ತಾಗುವಂತೆ. ಇಂದು ಜಗತ್ತೆಲ್ಲ ಅದನ್ನು ಕಾಂಗರೂ ಆರೈಕೆ ಎನ್ನುತ್ತದೆ. ಬೆಟ್ಟದ ಚಳಿಯಲ್ಲಿ ಎಳೆಕೂಸಿಗೆ ಆ ಬಿಸುಪು ಬೇಕೇ ಬೇಕು. ಅದಕ್ಕೆ ಅಪ್ಪನ ಎದೆಯೂ ಆಗುತ್ತದೆ. ಹೊಲದಿಂದ ಬಂದವನು ಕೈಕಾಲು ತೊಳೆದು ಮಗುವನ್ನು ಎತ್ತಿಕೊಳ್ಳಲಿ, ಬಾಣಂತಿ ಒಂದು ಗಳಿಗೆ ಮಲಗಲಿ.